‘ಎಷ್ಟು’ ಎಂಬ ಒಂದು ಪದ, ಇಂಗ್ಲಿಷಿನಲ್ಲಿ ಎರಡು ದಾರಿ

ಮಳೆಗಾಲದಲ್ಲಿ ಕೊಡಗಿನ ತೋಟದವರು ಫೋನೆತ್ತಿದರೆ ಮೊದಲ ಪ್ರಶ್ನೆ, ‘ನಿಮ್ಮಲ್ಲಿ ಎಷ್ಟು ಮಳೆ?’ ‘ಎರಡು ಇಂಚು ನಲವತ್ತು ಸೆಂಟ್’ ಎಂದು ಉತ್ತರ ಬರುತ್ತದೆ (ಇಲ್ಲಿ ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಭಾಗ). ಮುಂದಿನದು, ‘ಎಷ್ಟು ಆಳು ಬಂದಿದ್ದಾರೆ?’ ಮಳೆಗೂ ‘ಎಷ್ಟು’, ಆಳಿಗೂ ‘ಎಷ್ಟು’. ಇಂಗ್ಲಿಷಿನಲ್ಲಿ ಹಾಗಲ್ಲ. ಮಳೆಗೆ ‘ಹೌ ಮಚ್’, ಆಳಿಗೆ ‘ಹೌ ಮೆನಿ’. ಎಣಿಸುವ ನಾಮಪದ, ಎಣಿಸದ ನಾಮಪದ ಎಂಬ ಪಾಠವೆಲ್ಲ ಈ ಕವಲಿನಿಂದಲೇ ಹೊರಡುತ್ತದೆ. ಹೋಮ್‌ಸ್ಟೇ ನಡೆಸುವವರಿಗೆ, ಟ್ಯಾಕ್ಸಿ ಓಡಿಸುವವರಿಗೆ ಇಂಗ್ಲಿಷ್ ಹೇಳಿಕೊಡುವಾಗ ನಾನು ಶುರು ಮಾಡುವುದೂ ಇಲ್ಲಿಂದಲೇ.

ಮೊದಲು, ಪದಕ್ಕೆ ಮುಂಚೆ ಒಂದು, ಎರಡು ಸೇರಿಸಿ ನೋಡಿ. ಒನ್ ಆರೆಂಜ್, ಟೂ ಆರೆಂಜಸ್. ಸರಿಹೋಯಿತು. ಜೇನುತುಪ್ಪ, ಅಕ್ಕಿ, ಹಾಲು ಹೀಗೆ ಎಣಿಕೆಗೆ ಸಿಗವು. ಹಂದಿ ‘ಪಿಗ್’, ಎಣಿಸಬಹುದು. ಪಂದಿಕರಿಗೆ ಹಾಕುವ ಮಾಂಸ ‘ಪೋರ್ಕ್’, ಅದನ್ನು ತೂಗಬೇಕು.

ನಿಜವಾದ ತೊಡಕು ಮುಂದಿದೆ. ‘ನಾಲ್ಕು ಲಗೇಜ್ ಇದೆ’, ‘ಎರಡು ಫರ್ನಿಚರ್ ತಂದೆ’ ಎಂದು ನಾವು ದಿನವೂ ಮಾತಾಡುತ್ತೇವೆ. ಅದೇ ಗುಂಗಿನಲ್ಲಿ ‘ಲಗೇಜಸ್’, ‘ಫರ್ನಿಚರ್ಸ್’ ಎಂದುಬಿಡುತ್ತೇವೆ. ಸೂಟ್‌ಕೇಸು ಕಣ್ಣೆದುರೇ ಇದೆ, ಏಕೆ ಎಣಿಸಬಾರದು? ಕನ್ನಡದ ‘ಪಾತ್ರೆಪಗಡ’ ನೆನಪಿಸಿಕೊಳ್ಳಿ. ‘ಎರಡು ಪಾತ್ರೆ’ ಎನ್ನುತ್ತೇವೆ, ‘ಎರಡು ಪಾತ್ರೆಪಗಡ’ ಎನ್ನುವುದಿಲ್ಲ. ಅದು ಇಡೀ ರಾಶಿಯ ಹೆಸರು. ಲಗೇಜ್, ಫರ್ನಿಚರ್, ಎಕ್ವಿಪ್‌ಮೆಂಟ್ ಕೂಡ ಅಂಥವೇ. ರಾಶಿಯೊಳಗಿನ ಸೂಟ್‌ಕೇಸ್, ಚೇರ್, ಮಷೀನ್‌ಗಳನ್ನು ಧಾರಾಳವಾಗಿ ಎಣಿಸಿ. ಅಡ್ವೈಸ್, ಇನ್‌ಫರ್ಮೇಷನ್, ಹೋಮ್‌ವರ್ಕ್‌ಗಳಿಗೂ ಕೊನೆಗೆ ‘ಎಸ್’ ಬೇಡ. ‘ನ್ಯೂಸ್’ಗೆ ‘ಎಸ್’ ಇದ್ದರೂ ಅದು ಏಕವಚನ: ದ ನ್ಯೂಸ್ ಈಸ್ ಗುಡ್.

ಮಡಿಕೇರಿಯ ರಾಜಾಸೀಟಿನಲ್ಲಿ ನಿಂತರೆ ‘ವಾಟ್ ಎ ನೈಸ್ ವೆದರ್!’ ಕಿವಿಗೆ ಬೀಳದ ದಿನವಿಲ್ಲ. ವೆದರ್ ಎಣಿಸದ ಪದ, ಆದ್ದರಿಂದ ‘ಎ’ ಕೂಡದು; ‘ವಾಟ್ ನೈಸ್ ವೆದರ್!’ ಎನ್ನಬೇಕು. ವ್ಯೂ ಎಣಿಸುವ ಪದ, ಹಾಗಾಗಿ ‘ವಾಟ್ ಎ ನೈಸ್ ವ್ಯೂ!’ ಸರಿ.

ಎಣಿಸದ್ದನ್ನು ಲೆಕ್ಕಕ್ಕೆ ತರಬೇಕಾದರೆ ಅಳತೆಯನ್ನು ಮುಂದಿಡಿ. ಮಳೆ ಎಣಿಕೆಗೆ ಸಿಗದು, ಇಂಚು ಸಿಗುತ್ತದೆ: ಟೂ ಇಂಚಸ್ ಆಫ್ ರೇನ್. ಕಾಫಿಗೆ ಚೀಲ, ಅದೂ 50 ಕೆಜಿಯದು: ಫೈವ್ ಬ್ಯಾಗ್ಸ್ ಆಫ್ ಕಾಫಿ. ಬಹುವಚನ ಚೀಲಕ್ಕೆ ಮಾತ್ರ, ಕಾಫಿಗಲ್ಲ. ಜೇನಿಗೆ ಬಾಟಲ್, ಅಡ್ವೈಸ್‌ಗೆ ‘ಎ ಪೀಸ್ ಆಫ್’.

‘ಸ್ವಲ್ಪ’ಕ್ಕೂ ಇದೇ ಕವಲು: ಎ ಲಿಟಲ್ ಹನಿ, ಎ ಫ್ಯೂ ಆರೆಂಜಸ್. ಮಾತಿನ ಮಧ್ಯೆ ಮಚ್, ಮೆನಿ ಗೊಂದಲವಾದರೆ ‘ಎ ಲಾಟ್ ಆಫ್’ ಹಿಡಿಯಿರಿ, ಎರಡಕ್ಕೂ ಒಗ್ಗುತ್ತದೆ.

ಇನ್ನು ಎರಡು ಮುಖದ ಪದಗಳು. ತೋಟದಲ್ಲಿ, ಗೋದಾಮಿನಲ್ಲಿ ಕಾಫಿ ಎಣಿಸದ ಪದ. ಹೋಟೆಲಿನಲ್ಲಿ ಕೂತು ‘ಟೂ ಕಾಫೀಸ್, ಪ್ಲೀಸ್’ ಎಂದರೆ ತಪ್ಪಿಲ್ಲ, ಅಲ್ಲಿ ಅದು ಎರಡು ಲೋಟ. ಮಸಾಲೆ ಅಂಗಡಿಯವರು ‘ಪೆಪ್ಪರ್’ ವಿಷಯದಲ್ಲಿ ಎಚ್ಚರ ವಹಿಸಲೇಬೇಕು. ಕಾಳುಮೆಣಸು ಎಷ್ಟೇ ಕ್ವಿಂಟಾಲ್ ಇರಲಿ, ಅದು ‘ಪೆಪ್ಪರ್’. ಬೋರ್ಡಿನಲ್ಲಿ ‘ಪೆಪ್ಪರ್ಸ್’ ಎಂದು ಬರೆದರೆ ಹೊರದೇಶದವರು ದಪ್ಪಮೆಣಸಿನಕಾಯಿ ಎಂದುಕೊಂಡಾರು.

ಈಗ ಇದನ್ನು ಇಂಗ್ಲಿಷಿನಲ್ಲಿ ಹೇಳಿ: ‘ನಿನ್ನೆ ಮೂರು ಇಂಚು ಮಳೆ. ಅತಿಥಿಗಳ ಲಗೇಜೆಲ್ಲ ಒದ್ದೆ. ಎಷ್ಟು ಬ್ಯಾಗ್ ಇವೆ?’

ಉತ್ತರ: ವಿ ಹ್ಯಾಡ್ ತ್ರೀ ಇಂಚಸ್ ಆಫ್ ರೇನ್ ಯೆಸ್ಟರ್‌ಡೇ. ಆಲ್ ದ ಗೆಸ್ಟ್ಸ್ ಲಗೇಜ್ ಈಸ್ ವೆಟ್. ಹೌ ಮೆನಿ ಬ್ಯಾಗ್ಸ್ ಆರ್ ದೇರ್?