ಮಂಜಿನಲ್ಲಿ ಬಾಯಿ ಮುಚ್ಚಬಾರದು: ಸೂಳೆಕೆರೆಯ ತೆಪ್ಪದಲ್ಲಿ ನಾಲ್ಕು ಚಳಿಗಾಲ

ದಾವಣಗೆರೆಯಲ್ಲಿ ನನ್ನದೊಂದು ಬೈಕ್ ಗ್ಯಾರೇಜ್ ಇದೆ. ಹೆಂಡತಿಯ ತವರು ಚನ್ನಗಿರಿ ತಾಲೂಕಿನ ಸೂಳೆಕೆರೆ ದಂಡೆಯ ಒಂದು ಹಳ್ಳಿ. ನಾಲ್ಕು ಚಳಿಗಾಲದಿಂದ ಒಂದು ಚಟ ಹತ್ತಿದೆ. ಶನಿವಾರ ರಾತ್ರಿ ಗ್ಯಾರೇಜ್ ಬಾಗಿಲು ಹಾಕಿ ಸಂತೆಬೆನ್ನೂರು ದಾರಿ ಹಿಡಿಯುತ್ತೇನೆ. ಭಾನುವಾರ ನಸುಕಿನಲ್ಲಿ ಐದು ಗಂಟೆಗೆಲ್ಲ ತೆಪ್ಪದಲ್ಲಿ ಇರುತ್ತೇನೆ. ಮೀನು ಹಿಡಿಯುವ ಲೈಸೆನ್ಸ್ ಹೆಂಡತಿಯ ಸೋದರಮಾವನದು. ನಾನು ಕೈಯಾಳು ಅಷ್ಟೇ. ಕೂಲಿ ಅಂದರೆ ಎರಡು ಜಿಲೇಬಿ ಮೀನು, ಹೊಟ್ಟೆ ತುಂಬ ಹರಟೆ.

ಆ ಹರಟೆ ಯಾಕೆ ಬೇಕು ಅಂತ ಗೊತ್ತಾಗೋಕೆ ನನಗೆ ಸ್ವಲ್ಪ ದಿನ ಹಿಡಿಯಿತು.

ಕೆರೆ ನೋಡದವರಿಗೆ ಒಂದು ಮಾತು. ಶಾಂತಿಸಾಗರ ಅಂತ ಬೋರ್ಡಿನಲ್ಲಿ ಬರೆದಿರುತ್ತಾರೆ. ನಾವ್ಯಾರೂ ಹಾಗೆ ಕರೆಯುವುದಿಲ್ಲ. ನೀರು ನಿಲ್ಲುವ ಜಾಗವೇ ಸುಮಾರು 6,550 ಎಕರೆ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡವಾಗಿ ಒಂದು ಏರಿ ಹಾಕಿದ್ದಾರೆ, ಅಷ್ಟೇ. ಅಷ್ಟು ಚಿಕ್ಕ ಏರಿ ಇಷ್ಟು ನೀರನ್ನು ಶತಮಾನಗಳಿಂದ ಹಿಡಿದಿಟ್ಟಿದೆ. ಕಟ್ಟಿಸಿದವಳು ಶಾಂತವ್ವ ಅನ್ನುವ ರಾಜಕುಮಾರಿಯಂತೆ. ಜಾಗ ಬಿಟ್ಟುಕೊಟ್ಟ ಸೂಳೆಯರು 'ನಮ್ಮ ಹೆಸರು ಇಡೋದಾದ್ರೆ ಕೊಡ್ತೀವಿ' ಅಂದರಂತೆ. ಹೆಸರು ಹಾಗೇ ಉಳಿಯಿತು. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಅಂತ ನಮ್ಮವರು ಎದೆ ಉಬ್ಬಿಸುತ್ತಾರೆ. ನಡುನೀರಿಗೆ ಹೋದರೆ ಅಳತೆ ಪಳತೆ ಯಾರೂ ಕೇಳುವುದಿಲ್ಲ. ನಾಲ್ಕೂ ಕಡೆ ನೀರೇ.

ತೆಪ್ಪ ಅಂದರೆ ಬಿದಿರ ದಬ್ಬೆಯ ದೊಡ್ಡ ಬುಟ್ಟಿ. ಹೊರಗೆ ಟಾರ್ಪಾಲು, ಅದರ ಮೇಲೆ ಡಾಂಬರು. ಮುಂದು ಹಿಂದು ಅಂತ ಇಲ್ಲ, ದುಂಡಗೆ ಇರುತ್ತದೆ. ಮೊದಲ ತಿಂಗಳು ನಾನು ಹುಟ್ಟು ಹಾಕಿದ ಕಡೆ ಅದು ಹೋಗಲೇ ಇಲ್ಲ. ನಿಂತಲ್ಲೇ ಗಿರಗಿರ ತಿರುಗಿತು. ಪಕ್ಕಕ್ಕೆ ಹುಟ್ಟು ಹಾಕಿದರೆ ತಿರುಗುವುದೇ ಅದರ ಗುಣ. ಎದುರಿಗೆ ಬಗ್ಗಿ, ನೀರನ್ನು ಎಂಟರ ಅಂಕಿಯಂತೆ ಕಲಕುತ್ತಾ, ತೆಪ್ಪವನ್ನು ತನ್ನ ಕಡೆ ಎಳೆದುಕೊಳ್ಳಬೇಕು. ಇದನ್ನು ಬರೆಯುವುದು ಸುಲಭ. ನನ್ನ ಸೊಂಟ ಕಲಿಯೋಕೆ ದೀಪಾವಳಿಯಿಂದ ಸಂಕ್ರಾಂತಿವರೆಗೆ ಬೇಕಾಯಿತು.

ಚಳಿಗೆ ಡಾಂಬರು ಗಟ್ಟಿಯಾಗಿ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಇಲ್ಲಿ ಮಾತ್ರ ನನ್ನ ಕಸುಬು ಕೆಲಸಕ್ಕೆ ಬಂತು. ಹಳೇ ಟ್ಯೂಬ್ ಕತ್ತರಿಸಿ, ಪಂಕ್ಚರ್ ಸೊಲ್ಯೂಷನ್ ಹಚ್ಚಿ ತೇಪೆ ಹಾಕಿದೆ. ಹುಟ್ಟಿನ ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ಮರಗಟ್ಟಿದ ಕೈಗೆ ಒದ್ದೆ ಕಟ್ಟಿಗೆ ನಿಲ್ಲುವುದಿಲ್ಲ, ರಬ್ಬರು ನಿಲ್ಲುತ್ತದೆ. ಬಿದ್ದರೆ ಹಿಡಿದುಕೊಳ್ಳೋಕೆ ಇರಲಿ ಅಂತ ಲಾರಿ ಟ್ಯೂಬ್ ಒಂದನ್ನು ಒಯ್ಯುತ್ತೇನೆ. ಅದನ್ನು ಮಧ್ಯಾಹ್ನದ ಬಿಸಿಲಲ್ಲಿ ಗಾಳಿ ತುಂಬಿಸಿಟ್ಟರೆ ಬೆಳಗಿನ ಜಾವ ಮೆತ್ತಗಾಗಿರುತ್ತದೆ. ಪಂಕ್ಚರ್ ಅಂತ ಒಂದು ಸಲ ಪೂರ್ತಿ ಹುಡುಕಾಡಿದೆ. ತೂತು ಗೀತು ಏನೂ ಇರಲಿಲ್ಲ. ಚಳಿಗೆ ಒಳಗಿನ ಗಾಳಿ ಕುಗ್ಗಿತ್ತು. ಬೈಕ್ ಟೈರಿಗೆ ದಿನಾ ಹೇಳುವ ಮಾತು ನನಗೇ ಮರೆತುಹೋಗಿತ್ತು.

ಈಗ ಮಂಜಿನ ವಿಷಯಕ್ಕೆ ಬರುತ್ತೇನೆ.

ದೀಪಾವಳಿ ಕಳೆದರೆ ಮಳೆಗಾಳಿ ಹೋಗಿ ಮೂಡಗಾಳಿ ಶುರು. ರಾತ್ರಿ ಆಕಾಶ ಬೆಳ್ಳಗೆ ತೊಳೆದಂತೆ ಇರುತ್ತದೆ, ನೆಲ ಬೇಗ ತಣ್ಣಗಾಗುತ್ತದೆ. ಕೆರೆ ನೀರು ಅಷ್ಟು ಬೇಗ ತಣ್ಣಗಾಗಲ್ಲ. ಬೆಳಗಿನ ಜಾವ ನೀರಿಗೆ ಕೈ ಅದ್ದಿದರೆ ಬೆಚ್ಚಗೆ, ತೆಗೆದರೆ ಕೊರೆಯುವ ಚಳಿ. ಆ ಬಿಸಿ ತಣ್ಣನೆ ಸೇರಿ ನೀರಿನ ಮೇಲೆ ಹೊಗೆಯಾಡುತ್ತದೆ. ಬೆಳಕಾದರೆ ಸರಿಹೋಗುತ್ತೆ ಅಂತ ನಾನಂದುಕೊಂಡಿದ್ದೆ. ಅದು ತಪ್ಪು. ಬೆಳಕು ಹರಿಯುವ ಹೊತ್ತಿಗೇ ಮಂಜು ಜಾಸ್ತಿ. ಇನ್ನೊಂದು ತಪ್ಪು ಲೆಕ್ಕವೂ ಇತ್ತು. ಡಿಸೆಂಬರ್ 21 ಅತಿ ಚಿಕ್ಕ ಹಗಲು, ಹಾಗಾಗಿ ಸೂರ್ಯ ಲೇಟಾಗಿ ಏಳುವುದೂ ಆಗಲೇ ಅಂದುಕೊಂಡಿದ್ದೆ. ನಮ್ಮ ಕಡೆ ಸಂಕ್ರಾಂತಿ ದಾಟಿದ ಮೇಲೂ 6:50ರ ತನಕ ಸೂರ್ಯನ ಸುಳಿವೇ ಇರಲ್ಲ.

ಮೊದಲ ಮಂಜಿನ ದಿನ ನಾಲ್ಕು ತೆಪ್ಪ ಬಿಟ್ಟೆವು. ಮಾವನದು ಒಂದು, ಎಪ್ಪತ್ತು ದಾಟಿದ ಒಬ್ಬ ಅಜ್ಜನದು ಒಂದು, ಅಣ್ಣತಮ್ಮಂದಿರಿಬ್ಬರು ಕೂತದ್ದು ಒಂದು, ಕೊನೆಗೆ ನಾನು. ಹತ್ತು ಮಾರು ಹೋಗುವಷ್ಟರಲ್ಲಿ ಎಲ್ಲ ಬಿಳಿ. ನಾನು ಸುಮ್ನೆ ಕೂತಿದ್ದೆ. ಬೆಳಗಿನ ಕೆರೆ, ಮೌನ, ಎಷ್ಟು ಚೆಂದ ಅಲ್ವಾ ಅಂತ ಪೇಟೆಯವನ ಯೋಚನೆ. ಮಂಜಿನೊಳಗಿಂದ ಮಾವನ ದನಿ ಬಂತು.

"ಅಳಿಯಂದ್ರೇ, ಬಾಯಿ ಯಾಕ ಮುಚ್ಚಿದ್ರಿ? ಮಾತಾಡ್ರಿ."

"ಏನು ಮಾತಾಡ್ಲಿ ಮಾವ?"

"ಏನರ ಮಾತಾಡ್ರಿ. ನಿನ್ನೆ ಏನು ತಿಂದ್ರಿ?"

ಅವತ್ತು ಅವರು ಸೌಜನ್ಯಕ್ಕೆ ಕೇಳಿದರು ಅಂತ "ಮನೇಲಿ ಚಪಾತಿ" ಅಂದು ಸುಮ್ಮನಾದೆ. ಎರಡು ವಾರ ಕಳೆದ ಮೇಲೆ ತಲೆಗೆ ಹೋಯಿತು. ಆ ದಿನ ಬಲೆಯ ಬೆಂಡು ಹುಡುಕುತ್ತಾ ಎರಡು ಸುತ್ತು ತಿರುಗಿಬಿಟ್ಟೆ. ದೋಣಿಯಾದರೆ ಮೂತಿ ಯಾವ ಕಡೆ ಇದೆ ಅಂತಲಾದರೂ ತಿಳಿಯುತ್ತದೆ. ತೆಪ್ಪಕ್ಕೆ ಮೂತಿಯೇ ಇಲ್ಲ. ಏರಿ ಯಾವ ಕಡೆ, ಊರು ಯಾವ ಕಡೆ, ಒಂದೂ ಗೊತ್ತಾಗಲಿಲ್ಲ. ಟಾರ್ಚ್ ಹಾಕಿದೆ. ಕಣ್ಣೆದುರು ಸುಣ್ಣದ ಗೋಡೆ ಕಟ್ಟಿದಂತಾಯಿತು. ಮೊಬೈಲ್ ತೆಗೆಯೋಣ ಅಂದರೆ ಬೆರಳು ಒದ್ದೆ, ಪರದೆ ಕೇಳುತ್ತಿಲ್ಲ. ತಲೆಗೆ ಮಂಕಿ ಕ್ಯಾಪ್ ಬೇರೆ. ಅದನ್ನು ಕಿತ್ತು ಹುಟ್ಟು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಆಗ ಬಲಗಡೆಯಿಂದ ಅಜ್ಜನ ದನಿ, ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿತು:

"ಪಲ್ಯಕ್ಕ ಅರಿಶಿಣ ಹಾಕಿದ್ರ ಅದು ಬೆಣ್ಣೆ ದೋಸೆ ಅಲ್ಲೋ. ಅದು ಮಸಾಲೆ ದೋಸೆ, ಬೆಣ್ಣೆ ಸವರಿದ್ದು."

ಎಡಗಡೆ ದೂರದಿಂದ ಅಣ್ಣತಮ್ಮಂದಿರಲ್ಲಿ ದೊಡ್ಡವನು ಜಗಳಕ್ಕೆ ನಿಂತ. ಹಿಂದಿನಿಂದ ಮಾವ ಕೆಮ್ಮಿದರು. ಮೂರು ದನಿ, ಮೂರು ದಿಕ್ಕು. ಅಜ್ಜ ಯಾವಾಗಲೂ ಏರಿಯ ಕಡೆಗೇ ಬಲೆ ಬಿಡುವವನು. ಅವನ ದೋಸೆ ಹಿಡಿದುಕೊಂಡು ಹುಟ್ಟು ಹಾಕಿದೆ, ದಡ ಸಿಕ್ಕಿತು.

ಚಳಿ ಬೆಳಗಿನಲ್ಲಿ ನೀರಿನ ಮೇಲೆ ದನಿ ತುಂಬ ದೂರ ಹೋಗುತ್ತದೆ. ನೀರಿಗೆ ಅಂಟಿದ ಗಾಳಿ ತಣ್ಣಗೆ, ಮೇಲಿನದು ಸ್ವಲ್ಪ ಬೆಚ್ಚಗೆ ಇರುವುದರಿಂದ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಕೆಳಗೇ ಬರುತ್ತದೆ. ಸೀಟಿ ಊದಬಹುದಲ್ಲ ಅಂತ ನಾನೇ ಒಂದು ವಾರ ಸೀಟಿ ಒಯ್ದಿದ್ದೆ. ಯಾರೂ ಒಪ್ಪಲಿಲ್ಲ. ಸೀಟಿ ಯಾರದು ಅಂತ ಗೊತ್ತಾಗಲ್ಲ, ಎಷ್ಟು ಹೊತ್ತು ಊದುತ್ತೀರಿ ಅಂದರು. ಮಾತಾದರೆ ಯಾರು, ಎಲ್ಲಿ, ದಣಿದಿದ್ದಾನೋ ಹೇಗೆ, ಎಲ್ಲ ತಿಳಿಯುತ್ತದೆ. ಆದರೆ ಎರಡು ಗಂಟೆ ಬಿಡದೆ ಮಾತಾಡಬೇಕಲ್ಲ. ಮೀನಿನ ಬಗ್ಗೆ ಎಷ್ಟು ಹೊತ್ತು ಮಾತಾಡ್ತೀರಿ? ಚಳಿಗೆ ಮೀನು ಕೆಳಗಿಳಿದು ಮೇವು ಕಡಿಮೆ ಮಾಡಿರುತ್ತದೆ, ಆ ಮಾತು ಐದು ನಿಮಿಷಕ್ಕೆ ಮುಗಿಯುತ್ತದೆ. ರಾಜಕೀಯಕ್ಕೆ ಹೋದರೆ ಜಗಳ ನಿಜವಾಗುತ್ತದೆ. ಹೋಟೆಲ್ ಮಾತು ಮಾತ್ರ ಮುಗಿಯುವುದೂ ಇಲ್ಲ, ತಲೆ ಒಡೆಯುವುದೂ ಇಲ್ಲ.

ಪೇಟೆಯಿಂದ ಬರುವವನು ನಾನೊಬ್ಬನೇ. ಹಾಗಾಗಿ ಸರಕು ಒದಗಿಸುವುದು ನನ್ನ ಪಾಲಿಗೆ ಬಂತು. ವಾರದಲ್ಲಿ ಒಂದು ದಿನವಾದರೂ ಹೊರಗೆ ತಿನ್ನುತ್ತೇನೆ, ಹರಟೆಗೆ ಬೇಕು ಅಂತಲೇ. ರಾಂ ಅಂಡ್ ಕೋ ಸರ್ಕಲ್‌ನಲ್ಲಿ ಸಂಜೆ ಮಿರ್ಚಿ ಎಷ್ಟು ಖಾರ ಇತ್ತು, ನರ್ಗೀಸ್ ಮಂಡಕ್ಕಿಗೆ ಪುಟಾಣಿ ಪುಡಿ ಜಾಸ್ತಿ ಬಿತ್ತೋ ಕಡಿಮೆಯೋ, ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಿಸಿ ಇತ್ತೋ ಆರಿತ್ತೋ, ಎಲ್ಲ ವರದಿ ಒಪ್ಪಿಸಬೇಕು. ಸುಳ್ಳು ಹೇಳಿದರೆ ಅಜ್ಜ ಹಿಡಿದುಬಿಡುತ್ತಾನೆ. ಯುವಕನಾಗಿದ್ದಾಗ ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡಿದವನು ಅವನು.

ಬೆಣ್ಣೆ ದೋಸೆಯ ಕಥೆ ಅಜ್ಜ ಹೇಳಿದ್ದನ್ನು ಎಷ್ಟು ಸಲ ಕೇಳಿದ್ದೇನೋ. 1928ರಲ್ಲಿ ಚೆನ್ನಮ್ಮ ಅನ್ನುವ ಹೆಣ್ಣುಮಗಳು ಮಕ್ಕಳನ್ನು ಕಟ್ಟಿಕೊಂಡು ಬೆಳಗಾವಿ ಕಡೆಯಿಂದ ದಾವಣಗೆರೆಗೆ ಬಂದಳಂತೆ. ನಾಟಕದ ಥಿಯೇಟರ್ ಹತ್ತಿರ ದೋಸೆ ಹಾಕೋಕೆ ಶುರು ಮಾಡಿದಳು. ಆಗ ಅದು ರಾಗಿ ದೋಸೆ. ಮಕ್ಕಳ ಕಾಲಕ್ಕೆ ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿದ ಹಿಟ್ಟು ಬಂತು, ಮೇಲೆ ಬೆಣ್ಣೆ ಬಂತು. ಮಂಡಕ್ಕಿ ಅನ್ನುವಾಗ ಅಜ್ಜನ ದನಿ ಒಂದು ಹೆಜ್ಜೆ ಮೇಲೇರುತ್ತದೆ, ತಾನೇ ಹುರಿದುಕೊಟ್ಟ ಹಾಗೆ. ಕಟ್ಟಿಗೆ ಒಲೆಯ ಹಂಚು ಬಿಟ್ಟು ಗ್ಯಾಸಿನ ಮೇಲೆ ಹಾಕಿದ ದೋಸೆ ಅವನ ಲೆಕ್ಕದಲ್ಲಿ ದೋಸೆಯೇ ಅಲ್ಲ. ನನಗೆ ಅಷ್ಟು ಹಟವಿಲ್ಲ. ಆದರೆ ಬೆಣ್ಣೆ ದೋಸೆಗಿಂತ ಚಟ್ನಿಪುಡಿ ಉದುರಿಸಿದ ಓಪನ್ ದೋಸೆ ಒಂದು ಕೈ ಮೇಲು ಅಂತ ನನ್ನ ವಾದ. ಇದನ್ನು ಹೇಳಿದಾಗೆಲ್ಲ ಅರ್ಧ ಗಂಟೆ ಮಂಜು ಸಲೀಸಾಗಿ ಕಳೆಯುತ್ತದೆ.

ಒಮ್ಮೆ ಮಾತು ಸಾಕು, ತಿನ್ನಿಸೋಣ ಅಂತ ಹುಮ್ಮಸ್ಸು ಬಂತು. ಶನಿವಾರ ರಾತ್ರಿ ಎಂಟು ಬೆಣ್ಣೆ ದೋಸೆ ಪಾರ್ಸೆಲ್ ಕಟ್ಟಿಸಿದೆ. ಬೈಕಿನಲ್ಲಿ ನಲವತ್ತು ಕಿಲೋಮೀಟರ್ ಚಳಿಗಾಳಿ, ಆಮೇಲೆ ರಾತ್ರಿಯಿಡೀ ಚೀಲದಲ್ಲಿ. ಬೆಳಿಗ್ಗೆ ಬಾಳೆ ಎಲೆ ಬಿಚ್ಚಿದರೆ ಬೆಣ್ಣೆ ಮೇಣದ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿ ಎಲೆಗೆ ಅಂಟಿತ್ತು. ದೋಸೆ ಚಪ್ಪಲಿ ಅಟ್ಟೆ. ಅಣ್ಣತಮ್ಮಂದಿರು ಎಳೆದಾಡಿ ನಕ್ಕರು. ಮಾವ ಮಾತಾಡದೆ ದಡದಲ್ಲಿ ಮೂರು ಕಲ್ಲಿಟ್ಟು ಬೆಂಕಿ ಹಾಕಿ, ಅಲ್ಯೂಮಿನಿಯಂ ಪಾತ್ರೆಯ ಮುಚ್ಚಳ ಕವುಚಿ ಒಂದೊಂದೇ ದೋಸೆ ಬಿಸಿ ಮಾಡಿದರು. ಬೆಣ್ಣೆ ಕರಗಿ ಅಂಚು ಮತ್ತೆ ಗರಿಗರಿಯಾಯಿತು. ಅಜ್ಜ ಎರಡು ತಿಂದು "ಕಟ್ಟಿಗೆ ವಾಸನೆ ಬಂತಲ್ಲ, ಈಗ ದೋಸೆ ಆತು" ಅಂದ.

ಅಂದಿನಿಂದ ಮಂಡಕ್ಕಿ ಮಾತ್ರ ಒಯ್ಯುತ್ತೇನೆ, ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ. ಮಂಡಕ್ಕಿಗೆ ಇನ್ನೊಂದು ಕೆಲಸವೂ ಇದೆ. ರಾತ್ರಿ ಮಲಗುವ ಮುಂಚೆ ಅಜ್ಜ ಒಂದು ಹಿಡಿಯನ್ನು ತಟ್ಟೆಯಲ್ಲಿ ಹಾಕಿ ಜಗಲಿ ಮೇಲೆ ಬಿಡುತ್ತಾನೆ. ನಾಲ್ಕು ಗಂಟೆಗೆ ಎದ್ದು ನಾಲ್ಕು ಕಾಳು ಬಾಯಿಗೆ ಹಾಕುತ್ತಾನೆ. ಕರಂ ಅಂದರೆ ಹೊರಡುವುದು. ಮೆತ್ತಗಾಗಿದ್ದರೆ ಮಂಜು ಗ್ಯಾರಂಟಿ, ಟೀ ಕುಡಿದು ಕೂರುವುದು. ನನ್ನ ಮೊಬೈಲ್ ಹವಾಮಾನ ಹೇಳುವುದು ದಾವಣಗೆರೆಯದು. 14 ಡಿಗ್ರಿ, ಆಕಾಶ ಶುಭ್ರ ಅಂತ ತೋರಿಸುತ್ತಿರುತ್ತದೆ, ಇಲ್ಲಿ ಕೈಗೆ ಕೈ ಕಾಣುತ್ತಿರುವುದಿಲ್ಲ. ಗಾಳಿಯಲ್ಲಿ ತೇವ ಎಷ್ಟಿದೆ ಅಂತ ಮಂಡಕ್ಕಿಗೆ ಗೊತ್ತು. ಇದರ ಜೊತೆಗೆ ಅಡಿಕೆ ಹೊಗೆ ನೋಡುತ್ತಾರೆ. ನಮ್ಮ ಚಳಿಗಾಲ ಅಂದರೆ ಅಡಿಕೆ ಸುಗ್ಗಿ. ತೋಟದಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆ ಮೇಲೇರದೆ ಹಾಸಿದ ಕಂಬಳಿಯಂತೆ ಕೆರೆ ಮೇಲೆ ಮಲಗಿದರೆ ಗಾಳಿ ಇಲ್ಲ ಅಂತ ಅರ್ಥ. ಗಾಳಿ ಇಲ್ಲದ ರಾತ್ರಿಯೇ ಮಂಜಿಗೆ ಬೇಕಾದದ್ದು.

ಮಂಜು ಹರಿಯುವುದು ಎಂಟೂವರೆ ಒಂಬತ್ತಕ್ಕೆ. ಆಮೇಲೆ ಮೂಡಗಾಳಿ ಏಳುತ್ತದೆ. ಖಾಲಿ ತೆಪ್ಪ ಎಲೆಯಂತೆ ಪಡುವಣ ದಡಕ್ಕೆ ತೇಲುತ್ತದೆ. ಹಾಗಾಗಿ ನಾವು ಬಲೆ ಬಿಡುವುದೇ ಮೂಡಣ ಕಡೆ, ವಾಪಸ್ ಬರುವಾಗ ಗಾಳಿಯೇ ತಳ್ಳಲಿ ಅಂತ.

ಹಿರಿಯೂರು ಕಡೆಯ ಷಡ್ಡಕ ಒಮ್ಮೆ ಬಂದಿದ್ದ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, 2025ರ ಜನವರಿಯಲ್ಲಿ ಮತ್ತೆ 130 ಅಡಿ ಮುಟ್ಟಿತಲ್ಲ, ಅವನ ಕಾಲು ನೆಲದ ಮೇಲಿಲ್ಲ. "ನಿಮ್ಮದು ಕೆರೆ, ನಮ್ಮದು ಸಮುದ್ರ" ಅಂದ. ಅಜ್ಜ ಕೇಳಿದ್ದು ಒಂದೇ ಪ್ರಶ್ನೆ: "ದಡದಾಗ ತಿನ್ನಾಕ ಏನು ಸಿಗ್ತದ?"

ಈಗ ನಾನು ಮಂಕಿ ಕ್ಯಾಪ್ ಹಾಕುವುದಿಲ್ಲ. ಟವೆಲ್ ಸುತ್ತಿ ಕಿವಿ ಹೊರಗೆ ಬಿಡುತ್ತೇನೆ, ಕಿವಿ ಕೆಂಪಾದರೂ ಸರಿ. ಕೊಬ್ಬರಿ ಎಣ್ಣೆ ಕಾಲಿಗೆ ಮಾತ್ರ, ಕೈಗೆ ಹಚ್ಚಿದರೆ ಹುಟ್ಟು ಜಾರುತ್ತದೆ.

ಹೋದ ಡಿಸೆಂಬರ್‌ನಲ್ಲಿ ಅಣ್ಣತಮ್ಮಂದಿರ ಅಕ್ಕನ ಮಗ, ಡಿಪ್ಲೊಮಾ ಓದುವ ಹುಡುಗ, ಮೊದಲ ಸಲ ಒಬ್ಬನೇ ತೆಪ್ಪ ಬಿಟ್ಟ. ಆವತ್ತು ಮಂಡಕ್ಕಿ ಸ್ವಲ್ಪ ಮೆತ್ತಗೇ ಇತ್ತು, ಅಜ್ಜ ಹೋಗನ ಅಂದ. ಏಳು ಗಂಟೆಗೆ ಬಿಳಿ ಮುಚ್ಚಿತು. ಹುಡುಗನ ಸದ್ದಿಲ್ಲ.

"ತಮ್ಮಾ, ನಿನ್ನೆ ಏನು ತಿಂದ್ಯೋ?" ಅಂತ ನಾನೇ ಕೂಗಿದೆ.

ಸ್ವಲ್ಪ ಹೊತ್ತು ಬಿಟ್ಟು ನಾಚಿದ ದನಿ ಬಂತು. "ಗೋಬಿ ಮಂಚೂರಿ, ಅಣ್ಣ."

ಏರಿ ಕಡೆಯಿಂದ ಅಜ್ಜ, ಮೂಡಣ ಕಡೆಯಿಂದ ಮಾವ, ನನ್ನ ಬೆನ್ನ ಹಿಂದಿನಿಂದ ಅವನ ಸೋದರಮಾವಂದಿರು, ಮೂರೂ ಕಡೆಯಿಂದ ಒಟ್ಟಿಗೆ ಬೈಗುಳ ಬಂತು. ಹುಡುಗನ ಹುಟ್ಟು ನೀರಿಗೆ ಬಿದ್ದ ಸದ್ದು ಕೇಳಿತು. ಸರಿಯಾಗಿ ನಮ್ಮ ಕಡೆಗೇ ಬರುತ್ತಿದ್ದ.