ಮಿಕ್ಕ ಚೌಕಗಳಿಂದ ಕೌದಿ: ಡಿಸೈನ್ ಸುಲಭ, ಮೂಲೆ ಕೂಡಿಸುವುದೇ ಕಷ್ಟ

ಕತ್ತರಿಸಿಟ್ಟ ಬಟ್ಟೆ ಚೌಕಗಳ ಕಟ್ಟು ಈಗ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅಮೆರಿಕದಿಂದ ಬರುವ ನೆಂಟರೂ ತಂದುಕೊಡುತ್ತಾರೆ. ಕೆಲವರು ಟೈಲರ್ ಅಂಗಡಿಯ ತುಂಡುಗಳನ್ನು ತಂದು ತಾವೇ ಕತ್ತರಿಸಿಕೊಳ್ಳುತ್ತಾರೆ. ದಿಂಬಿನ ಕವರೋ ಚೀಲವೋ ಹೊಲಿದು ಮುಗಿದ ಮೇಲೆ ಡಬ್ಬಿಯಲ್ಲಿ ಒಂದಷ್ಟು ಉಳಿದೇ ಉಳಿಯುತ್ತವೆ. ಸರಿ, ಇದರಲ್ಲಿ ಕೌದಿ ಮಾಡೋಣ ಅಂತ ಕೂತವರು ಮೊದಲು ಹುಡುಕುವುದು ಡಿಸೈನ್. ಫೋನಿನಲ್ಲಿ ಗಂಟೆಗಟ್ಟಲೆ ಚಿತ್ರ ನೋಡಿ, ಅರ್ಧ ಹೊಲಿದು, ಸಾಲಿಗೆ ಸಾಲು ಕೂಡದೆ ಸುತ್ತಿ ಅಟ್ಟಕ್ಕೆ ಹಾಕುತ್ತಾರೆ. ಅಂಥ ಅರ್ಧಂಬರ್ಧ ಕೌದಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಡಿಸೈನ್ ಕೈಕೊಟ್ಟಿದ್ದು ಒಂದರಲ್ಲೂ ಇಲ್ಲ, ಎಲ್ಲದರಲ್ಲೂ ಕೆಟ್ಟಿದ್ದು ಹೊಲಿಗೆಗೆ ಬಿಟ್ಟ ಅಂಚು.

ಮೊದಲು ಚೌಕಗಳನ್ನು ಎಣಿಸಿ. ಅಂಗಡಿಯ ಚೌಕ ಸಾಮಾನ್ಯವಾಗಿ 5 ಇಂಚು ಇರುತ್ತದೆ. 10 ಇಂಚಿನದಾದರೆ ನಾಲ್ಕು ಮಾಡಿಕೊಳ್ಳಿ. ಸುತ್ತಲೂ ಕಾಲು ಇಂಚು ಹೊಲಿಗೆಗೆ ಹೋಗುತ್ತದೆ, ಅಂದರೆ ಹೊಲಿದ ಮೇಲೆ ಚೌಕ ಉಳಿಯುವುದು 4.5 ಇಂಚು. ಅಡ್ಡಕ್ಕೆ 8, ಉದ್ದಕ್ಕೆ 10 ಇಟ್ಟರೆ 36 ಇಂಚು ಅಗಲ, 45 ಇಂಚು ಉದ್ದದ ಕೂಸಿನ ಕೌದಿ ಆಗುತ್ತದೆ. ಅದಕ್ಕೆ 80 ಚೌಕ ಬೇಕು. ದೊಡ್ಡವರು ಹೊದೆಯುವಷ್ಟು ಮಾಡಬೇಕೆಂದರೆ 280 ಬೇಕು (14 ಅಡ್ಡ, 20 ಉದ್ದ), ಅಷ್ಟು ಯಾರ ಹತ್ತಿರವೂ ಉಳಿದಿರುವುದಿಲ್ಲ. ಕಡಿಮೆ ಬಿದ್ದರೆ ನಡುನಡುವೆ ಒಂದೇ ಬಣ್ಣದ ಸಾದಾ ಬಟ್ಟೆಯ ಚೌಕ ಸೇರಿಸಿ. ಅದೇ ಚಂದ ಕಾಣುತ್ತದೆ ಕೂಡ.

ಆಮೇಲೆ ವಿಂಗಡಿಸಿ. ಕೆಂಪು ಒಂದು ಕಡೆ, ಹಸಿರು ಒಂದು ಕಡೆ ಅಂತಲ್ಲ, ತಿಳಿ ಒಂದು ಗುಡ್ಡೆ, ಕಡು ಒಂದು ಗುಡ್ಡೆ. ಡಿಸೈನ್ ಎದ್ದು ಕಾಣುವುದು ಈ ವ್ಯತ್ಯಾಸದಿಂದ. ಗೊಂದಲವಾದರೆ ಎಲ್ಲ ಹರಡಿ ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ, ಯಾವುದು ಯಾವ ಕಡೆ ಅಂತ ಆಗ ಗೊತ್ತಾಗುತ್ತದೆ.

ಇಲ್ಲೇ ಒಂದು ಮಾತು. 'ಪ್ಯೂರ್ ಕಾಟನ್' ಅಂತ ಬರೆದು ಮಾರುವ ಅಗ್ಗದ ಕಟ್ಟುಗಳಲ್ಲಿ ಪಾಲಿಯೆಸ್ಟರ್ ಸೇರಿರುವುದುಂಟು. ಒಂದು ಚೌಕದ ಮೂಲೆಯಿಂದ ನಾಲ್ಕು ಎಳೆ ಬಿಚ್ಚಿ, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಕಾಟನ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಅದನ್ನು ಕೌದಿಗೆ ಹಾಕಬೇಡಿ, ಇಸ್ತ್ರಿ ಬಿಸಿಗೂ ನಿಲ್ಲುವುದಿಲ್ಲ. ಇನ್ನೊಂದು, ಕತ್ತರಿಸಿದ ಚೌಕಗಳನ್ನು ಹೊಲಿಯುವ ಮುಂಚೆ ತೊಳೆಯಲೇಬೇಡಿ. ಅಂಚು ಬಿಚ್ಚಿ, ಸೊಟ್ಟಗಾಗಿ, 5 ಇಂಚು ಇದ್ದಿದ್ದು ಎಷ್ಟೋ ಆಗುತ್ತದೆ. ಬಣ್ಣ ಬಿಡುತ್ತದಾ ಅನ್ನುವ ಅನುಮಾನ ಇದ್ದರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಿಟ್ಟರೆ ಆ ಚೌಕ ಪಕ್ಕಕ್ಕಿಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುವವರು ಇದ್ದಾರೆ. ಬಣ್ಣ ಬಿಡುವ ಬಟ್ಟೆ ಉಪ್ಪು ಹಾಕಿದರೂ ಬಿಡುತ್ತದೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ, ಆ ಕಾಲು ಇಂಚಿಗೆ.

ಮನೆಯ ಮಷಿನ್‌ನಲ್ಲಿ ಬಟ್ಟೆ ಅದುಮಿ ಹಿಡಿಯುವ ಮಾಮೂಲಿ ಪಾದದ (ಪ್ರೆಸರ್ ಫುಟ್) ಅಂಚಿಗೆ ಬಟ್ಟೆ ಹಿಡಿದು ಹೊಲಿದರೆ ಕಾಲು ಇಂಚಿಗಿಂತ ಜಾಸ್ತಿ ಹೋಗುತ್ತದೆ. ಎಷ್ಟೋ ಮಷಿನ್‌ಗಳಲ್ಲಿ ಹತ್ತಿರ ಹತ್ತಿರ 3/8 ಇಂಚು. ಅದು ಎಷ್ಟರ ವ್ಯತ್ಯಾಸ ಅಂತ ಅನ್ನಿಸಬಹುದು. ಲೆಕ್ಕ ಹಾಕಿ: ಒಂದೊಂದು ಜೋಡಣೆಯಲ್ಲಿ ಎರಡೂ ಕಡೆಯಿಂದ ಸೇರಿ ಕಾಲು ಇಂಚು ಹೆಚ್ಚಿಗೆ ಹೋಗುತ್ತದೆ. 8 ಚೌಕದ ಸಾಲಿನಲ್ಲಿ 7 ಜೋಡಣೆ ಇವೆ, ಸಾಲು ಒಂದೂ ಮುಕ್ಕಾಲು ಇಂಚು ಗಿಡ್ಡವಾಯಿತು. ಎಲ್ಲ ಸಾಲೂ ಅಷ್ಟೇ ಗಿಡ್ಡವಾದರೆ ತೊಂದರೆ ಇಲ್ಲ, ಕೌದಿ ಚಿಕ್ಕದಾಗುತ್ತದೆ ಅಷ್ಟೆ. ಆದರೆ ಬೆಳಗ್ಗೆ ಹೊಲಿದ ಸಾಲು ಒಂದು ಥರ, ಟಿವಿ ನೋಡುತ್ತಾ ಹೊಲಿದ ಸಾಲು ಇನ್ನೊಂದು ಥರ ಆದಾಗ ಮೂಲೆಗಳು ಕೂಡುವುದಿಲ್ಲ, ಎಳೆದು ಕೂಡಿಸಲು ಹೋದರೆ ಮಧ್ಯೆ ಉಬ್ಬುತ್ತದೆ.

ಅದಕ್ಕೆ ಒಂದು ಪರೀಕ್ಷೆ ಇದೆ. ಬೇಡದ ಬಟ್ಟೆಯಲ್ಲಿ ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ. ಮೂರನ್ನೂ ಪಕ್ಕಪಕ್ಕ ಹೊಲಿದು ಇಸ್ತ್ರಿ ಮಾಡಿ ಅಳೆಯಿರಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು ಇರಬೇಕು. ಕಡಿಮೆ ಇದ್ದರೆ ನೀವು ಜಾಸ್ತಿ ಅಂಚು ತಿನ್ನುತ್ತಿದ್ದೀರಿ. ಸರಿಯಾಗುವ ತನಕ ಮಾಡಿ, ಆಮೇಲೆ ಸೂಜಿಯಿಂದ ಅಷ್ಟು ದೂರಕ್ಕೆ ಮಷಿನ್ ತಟ್ಟೆಯ ಮೇಲೆ ಇನ್ಸುಲೇಷನ್ ಟೇಪನ್ನು ನಾಲ್ಕು ಪದರ ಅಂಟಿಸಿ. ಬಟ್ಟೆ ಆ ಗೋಡೆಗೆ ತಾಗಿಕೊಂಡೇ ಹೋಗುತ್ತದೆ. ಇದಕ್ಕೆಂದೇ ಕಾಲು ಇಂಚಿನ ಪಾದವೂ ಸಿಗುತ್ತದೆ. ಕೊಳ್ಳುವುದಾದರೆ ಕೊಳ್ಳಿ, ನನಗೆ ಟೇಪೇ ಸಾಕು. ಅಂಚು ಗರಗಸದ ಹಲ್ಲಿನಂತೆ ಕತ್ತರಿಸಿದ ಚೌಕವಾದರೆ ಹಲ್ಲಿನ ತುದಿಯಿಂದ ತುದಿಗೆ 5 ಇಂಚು ಇದೆಯಾ ಅಳೆದು ನೋಡಿ. ಇದ್ದರೆ ತುದಿಯನ್ನೇ ಟೇಪಿಗೆ ತಾಗಿಸಿ, ಕೊನೆಯ ತನಕ ಹಾಗೇ ಇರಲಿ.

ಇಂಚಿಗೆ 10ರಿಂದ 12 ಹೊಲಿಗೆ ಬರಲಿ. ಶುರು ಮತ್ತು ಕೊನೆಯಲ್ಲಿ ಹಿಂದೆ-ಮುಂದೆ ಹೊಲಿದು ಗಂಟು ಮಾಡಬೇಡಿ, ಹೇಗೂ ಅದರ ಮೇಲೆ ಇನ್ನೊಂದು ಹೊಲಿಗೆ ಬರುತ್ತದೆ.

ಇನ್ನು ಇಸ್ತ್ರಿ. ಇದನ್ನು ಬಿಟ್ಟವರ ಕೌದಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದು ಸಾಲು ಹೊಲಿದಾದ ಮೇಲೆ ಹಿಂಭಾಗದ ಅಂಚುಗಳನ್ನೆಲ್ಲ ಒಂದೇ ಕಡೆ ಮಲಗಿಸಿ. ಮೊದಲ ಸಾಲಿನದು ಬಲಕ್ಕೆ, ಎರಡನೆಯದು ಎಡಕ್ಕೆ, ಮೂರನೆಯದು ಮತ್ತೆ ಬಲಕ್ಕೆ. ಎರಡು ಸಾಲನ್ನು ಮುಖಾಮುಖಿ ಇಟ್ಟಾಗ ಒಂದರ ಉಬ್ಬು ಇನ್ನೊಂದರ ಉಬ್ಬಿಗೆ ತಾಗಿ ಕೂರುತ್ತದೆ. ಕಣ್ಣಿಗೆ ಕಾಣುವುದೇ ಬೇಡ, ಬೆರಳಿಗೇ ಗೊತ್ತಾಗುತ್ತದೆ. ಅಲ್ಲಿ ಹೊಲಿಗೆಯ ಎರಡೂ ಪಕ್ಕಕ್ಕೆ ಒಂದೊಂದು ಗುಂಡುಪಿನ್ ಚುಚ್ಚಿ. ಸಾಧ್ಯವಾದರೆ ಮೇಲಿನ ಸಾಲಿನ ಅಂಚು ಸೂಜಿಯ ಕಡೆ ಮುಖ ಮಾಡಿರಲಿ, ಪಾದ ಅದನ್ನು ತಳ್ಳಿ ಇನ್ನೂ ಬಿಗಿಯಾಗಿ ಕೂರಿಸುತ್ತದೆ. ಪಿನ್ ಮೇಲೆ ಮಷಿನ್ ಓಡಿಸಬೇಡಿ, ಹತ್ತಿರ ಬಂದಾಗ ತೆಗೆಯಿರಿ. ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಗೆ ಎಳೆದಂತೆ ಎಳೆಯಬಾರದು. ಇಡಬೇಕು, ಎತ್ತಬೇಕು, ಮುಂದೆ ಇಡಬೇಕು. ಎಳೆದರೆ ಸಾಲು ಬಿಲ್ಲಿನಂತೆ ಬಾಗುತ್ತದೆ.

ಇಷ್ಟು ಕೈಗೆ ಬಂದರೆ ಡಿಸೈನ್ ಯಾವುದಾದರೂ ಆಗುತ್ತದೆ. ಒಂದು ತಿಳಿ, ಒಂದು ಕಡು ಇಟ್ಟು ಚದುರಂಗದ ಹಾಸು ಮಾಡುವುದು ಎಲ್ಲಕ್ಕಿಂತ ಸುಲಭ. ಒಂದೊಂದು ಪ್ರಿಂಟ್‌ನಲ್ಲಿ ಐದಾರು ಚೌಕ ಮಾತ್ರ ಇದ್ದರೆ ಓರೆ ಪಟ್ಟೆ ಮಾಡಿ: ಬಣ್ಣಗಳಿಗೆ ಒಂದು ಸರದಿ ಗೊತ್ತುಮಾಡಿಕೊಂಡು, ಪ್ರತಿ ಸಾಲಿನಲ್ಲೂ ಒಂದು ಮನೆ ಮುಂದಕ್ಕೆ ಸರಿಸಿ ಇಡುತ್ತಾ ಹೋಗಿ.

ನನ್ನನ್ನು ಕೇಳಿದರೆ ಒಂಬತ್ತು ಚೌಕ ಕೂಡಿಸಿ ಕತ್ತರಿಸುವುದೇ ಚಂದ. ಮೂರು ಸಾಲು, ಸಾಲಿಗೆ ಮೂರು, ಹೊಲಿದರೆ ಹೊರ ಅಂಚೂ ಸೇರಿ 14 ಇಂಚಿನ ದೊಡ್ಡ ಚೌಕ ಬರುತ್ತದೆ. ನಡುವೆ ಕಡು ಬಣ್ಣದ್ದು ಇರಲಿ, ಇಂಥ ಎಲ್ಲ ದೊಡ್ಡ ಚೌಕಗಳಲ್ಲೂ ನಡುವೆ ಅದೇ ಬಣ್ಣ. ಈಗ ಧೈರ್ಯ ಮಾಡಿ ಅದನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಸರಿಯಾಗಿ ಮಧ್ಯಕ್ಕೆ ಕತ್ತರಿಸಿ. ಹೊರ ಅಂಚಿನಿಂದ ಅಳೆಯಬೇಡಿ, ನಡು ಚೌಕದ ಹೊಲಿಗೆಯಿಂದ 2.25 ಇಂಚು ಅಳೆಯಿರಿ. 7 ಇಂಚಿನ ನಾಲ್ಕು ತುಂಡು ಸಿಗುತ್ತವೆ, ಒಂದೊಂದರಲ್ಲೂ ಒಂದು ಇಡೀ ಚೌಕ, ಎರಡು ಅರ್ಧ, ಮೂಲೆಯಲ್ಲಿ ಒಂದು ಪುಟ್ಟ ಕಡು ಚೌಕ. ಇವನ್ನು ತಿರುಗಿಸಿ, ಬೆರೆಸಿ ಜೋಡಿಸಿದರೆ ಇದು ಬರೀ ಚೌಕದಿಂದ ಆಗಿದ್ದು ಅಂತ ಯಾರೂ ನಂಬುವುದಿಲ್ಲ. 81 ಚೌಕದಲ್ಲಿ 39 ಇಂಚಿನ ಹಾಸು ಆಗುತ್ತದೆ.

ಗಿರಗಿಟ್ಟಲೆ ಡಿಸೈನ್ ಎಲ್ಲರಿಗೂ ಇಷ್ಟ. ತಿಳಿ ಒಂದು, ಕಡು ಒಂದು ಮುಖಾಮುಖಿ ಇಟ್ಟು ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಕಾಲು ಇಂಚಿಗೆ ಹೊಲಿದು, ಗೆರೆಯ ಮೇಲೆ ಕತ್ತರಿಸಿದರೆ ಎರಡು ಬಣ್ಣದ ಚೌಕ ಎರಡು ಬರುತ್ತವೆ. ಅವನ್ನು 4.5 ಇಂಚಿಗೆ ಸಮ ಮಾಡಿ ನಾಲ್ಕು ಸೇರಿಸಿದರೆ ಒಂದು ಗಿರಗಿಟ್ಟಲೆ. ಓರೆಯಾಗಿ ಕತ್ತರಿಸಿದ ಬಟ್ಟೆ ಹಿಗ್ಗುತ್ತದೆ, ಹಾಗಾಗಿ ಮೊದಲ ಕೌದಿಗೆ ಇದು ಬೇಡ.

ಅಳತೆಯ ತಲೆನೋವೇ ಬೇಡ ಅನ್ನುವವರಿಗೆ ಬೇರೆ ದಾರಿ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿ. ಚೌಕ ಚೌಕ ಕೂಡಿಸಿಕೊಳ್ಳುವ ಕೆಲಸವೇ ಅಲ್ಲಿಲ್ಲ. ಕೆಳಗೆ ಹಳೆ ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ತುಂಡಿನ ಅಂಚು ಒಳಕ್ಕೆ ಮಡಚಿ, ಮುಂದಿನ ತುಂಡನ್ನು ಅದರ ಮೇಲೆ ಸ್ವಲ್ಪ ಹತ್ತಿಸಿ, ಸುತ್ತ ಸುತ್ತ ಸಾಲು ಹೊಲಿಗೆ ಹಾಕುತ್ತಾ ನಡುವಿಗೆ ಬರುತ್ತಾರೆ. ತುಂಡು ಕೂರುವುದೂ ಪದರ ಹಿಡಿಯುವುದೂ ಒಂದೇ ಹೊಲಿಗೆಯಲ್ಲಿ. 5 ಇಂಚಿಗೆ ಕಡಿಮೆ ಬಿದ್ದ, ಸೊಟ್ಟಗೆ ಕತ್ತರಿಸಿದ ಚೌಕಗಳೆಲ್ಲ ಇದಕ್ಕೆ ಆಗುತ್ತವೆ. ಮೂಲೆಗಳಿಗೆ ಅವರು ಬಣ್ಣದ ತುಂಡುಗಳನ್ನು ತ್ರಿಕೋನವಾಗಿ ಮಡಚಿ ಹೊಲಿಯುತ್ತಾರೆ, ಅದಕ್ಕೆ ಫೂಲ ಅನ್ನುತ್ತಾರೆ. ಫೂಲ ಇಲ್ಲದ ಕೌದಿ ಬೆತ್ತಲೆ ಅಂತಲೇ ಅವರ ಮಾತು. ಕೊನೆಗೆ ಉಳಿದ ನಾಲ್ಕೈದು ಚೌಕವನ್ನು ಎಲ್ಲಿ ಹಾಕಲಿ ಅಂತ ಯೋಚಿಸಬೇಡಿ, ಫೂಲ ಮಾಡಿ.

ಮಷಿನ್‌ನಲ್ಲಿ ಜೋಡಿಸಿದ ಮೇಲಿನ ಹಾಸು, ಅಡಿಯ ಬಟ್ಟೆ ಇವೆರಡರ ನಡುವೆ ಮೆತ್ತಗಾದ ಹಳೆ ಕಾಟನ್ ಸೀರೆ ಅಥವಾ ಪಂಚೆ ಇಡಿ. ಒಳಗೆ ಇಡಲು ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ಪದರ ಬೇಡ, ನಮ್ಮ ಸೆಕೆಗೆ ಅದು ಬೆವರಿಳಿಸುತ್ತದೆ. ಅಡಿಯ ಬಟ್ಟೆ ಎಲ್ಲ ಕಡೆ 3 ಇಂಚು ದೊಡ್ಡದಿರಲಿ, ನೆಲದ ಮೇಲೆ ಬಿಗಿಯಾಗಿ ಹಾಸಿ ಟೇಪ್ ಅಂಟಿಸಿ, ಒಂದೊಂದು ಗೇಣಿಗೆ ಸೇಫ್ಟಿ ಪಿನ್ ಹಾಕಿ. ಗಟ್ಟಿ ಕಾಟನ್ ದಾರದಲ್ಲಿ ಕೈಯಿಂದ ಸಾಲು ಹೊಲಿಗೆ ಹಾಕಿ. ಅಂಚಿಗೆ ಪಟ್ಟಿ ಕಟ್ಟುವುದು ಗೊತ್ತಿಲ್ಲದಿದ್ದರೆ ಅಡಿಯ ಬಟ್ಟೆಯನ್ನೇ ಎರಡು ಮಡಿಕೆ ಮೇಲಕ್ಕೆ ತಂದು ಹೊಲಿಯಿರಿ. ಮೊದಲ ಸಲ ತಣ್ಣೀರಲ್ಲಿ, ಬೇರೆ ಬಟ್ಟೆ ಸೇರಿಸದೆ ತೊಳೆದು, ನೆರಳಲ್ಲಿ ಎರಡು ಹಗ್ಗದ ಮೇಲೆ ಹರಡಿ ಒಣಗಿಸಿ. ಒಂದೇ ಹಗ್ಗಕ್ಕೆ ನೇತು ಹಾಕಿದರೆ ಒದ್ದೆ ಭಾರಕ್ಕೆ ಹೊಲಿಗೆ ಎಳೆಯುತ್ತದೆ.