ಮಕ್ಕಿಗದ್ದೆಗೆ ಇಳಿದ ಚೈನ್ ಮಿಷನ್

ಈ ಸಲ ಕೊಯ್ಲು ಮುಗಿಸಿ ಲೆಕ್ಕದ ಪುಸ್ತಕ ತೆಗೆದರೆ, ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ನಮ್ಮ ಭತ್ತ ಕೊಯ್ದು ಬಡಿಯುವ ಚೈನ್ ಮಿಷನ್ನು ತನ್ನ ಕಂತು ತಾನೇ ಕಟ್ಟಿಕೊಂಡು ನನಗೂ ಒಂದಿಷ್ಟು ಉಳಿಸಿತ್ತು. ತಂದ ದಿನ ಊರಲ್ಲಿ ಆಡಿಕೊಂಡವರೇ ಹೆಚ್ಚು. ನಮ್ಮ ಭಾವನಂತೂ ಅಂಚಿನ ಮೇಲೆ ನಿಂತು, "ಭಾವಯ್ಯ, ಇದು ಕೆಳಗಿನ ಗದ್ದೆಗೆ ಇಳಿದ್ರೆ ಹತ್ತಿಸಕ್ಕೆ ಸಕ್ರೆಬೈಲಿಂದ ಆನೆ ತರಿಸ್ಬೇಕಾತದೆ ನೋಡು" ಎಂದಿದ್ದ.

ನಮ್ಮದು ಮಲೆನಾಡು, ರಿಪ್ಪನ್‌ಪೇಟೆ ಕಡೆ, ಮೆಟ್ಟಿಲು ಮೆಟ್ಟಿಲಾದ ಮಕ್ಕಿಗದ್ದೆ. ಅಡಿಕೆ ಕೊನೆ ತೆಗೆಯುವ ಹೊತ್ತಿಗೇ ಭತ್ತವೂ ಹಣ್ಣಾಗುತ್ತದೆ, ಆಳುಗಳೆಲ್ಲ ತೋಟಕ್ಕೆ. ಭದ್ರಾ ಬಯಲಿನಲ್ಲಿ ಓಡಾಡುವ ಟೈರ್ ಮಿಷನ್ ನಮ್ಮ ಓಣಿಯಲ್ಲೇ ಹಿಡಿಸುವುದಿಲ್ಲ. ತಮಿಳುನಾಡಿನಿಂದ ಬರುವ ಚೈನ್ ಮಿಷನ್‌ಗಳು ಐದು ಗುಂಟೆ, ಎಂಟು ಗುಂಟೆಯ ತುಂಡು ನೋಡಿದರೆ ತಿರುಗಿ ನಿಲ್ಲುವುದಿಲ್ಲ. ಹಾಗಾಗಿ ಎರಡು ಸೀಸನ್ ಓಡಿದ 68 ಎಚ್‌ಪಿಯ ಸೆಕೆಂಡ್ ಹ್ಯಾಂಡ್ ಮಿಷನ್ನನ್ನು ಹದಿಮೂರೂವರೆ ಲಕ್ಷಕ್ಕೆ ತಂದೆ. ಟೈರಿನ ಬದಲು ರಬ್ಬರ್ ಟ್ರ್ಯಾಕ್, ಸುಮಾರು ಆರೂವರೆ ಅಡಿ ಕಟಾವು.

ಮೊದಲ ವರ್ಷ ಮಾನ ಹೋಯಿತು. ಟ್ಯಾಂಕಿಗೆ ಬೀಳುವ ಭತ್ತ ಚೊಕ್ಕ ಇರಲಿ ಅಂತ ಜೊಳ್ಳು ತೂರುವ ಫ್ಯಾನ್ ಜೋರಾಗಿ ಇಟ್ಟಿದ್ದೆ. ಒಂದು ಜೊಳ್ಳಿಲ್ಲ, ಎಲ್ಲರೂ ಹೊಗಳಿದರು. ಹತ್ತು ಹನ್ನೆರಡು ದಿನ ಬಿಟ್ಟು ಅದೇ ಗದ್ದೆಯ ಮೇಲೆ ಹೋದರೆ, ಮಿಷನ್ ಹುಲ್ಲು ಬಿಟ್ಟು ಹೋದ ಸಾಲಿನುದ್ದಕ್ಕೂ ಅಗೇಡಿ (ಸಸಿಮಡಿ) ಹಾಕಿದ ಹಾಗೆ ಹಸಿರು ಪಟ್ಟೆ! ಫ್ಯಾನ್ ತೂರಿ ಎಸೆದ ಒಳ್ಳೆ ಕಾಳೆಲ್ಲ ಮೊಳೆತಿತ್ತು. ಗದ್ದೆಯವರು ಏನೂ ಅನ್ನಲಿಲ್ಲ, ಸುಮ್ಮನೆ ತೋರಿಸಿದರು. ಬೈದಿದ್ದರೇ ವಾಸಿಯಿತ್ತು.

ಆಮೇಲೆ ರೀಪಿನಲ್ಲಿ ಒಂದಡಿ ಚೌಕ ಮಾಡಿಸಿದೆ. ಹುಲ್ಲಿನ ಸಾಲಿನ ಅಡಿಯಲ್ಲಿ ಎರಡು ಕಡೆ, ಸಾಲಿನ ಆಚೆ ಎರಡು ಕಡೆ ಇಟ್ಟು ಉದುರಿದ ಕಾಳು ಎಣಿಸಿ ಸರಾಸರಿ ಹಿಡಿಯುವುದು. ಅಡಿಗೊಂದು ಕಾಳೆಂದರೆ ಎಕರೆಗೆ ಹೆಚ್ಚುಕಮ್ಮಿ ಒಂದು ಕೆಜಿ. ಮೊದಲ ಸಲ ಎಣಿಸಿದಾಗ ಅರವತ್ತರ ಮೇಲಿತ್ತು. ಅಂದರೆ ಎಕರೆಗೆ ಹತ್ತಿರ ಹತ್ತಿರ ಒಂದು ಮೂಟೆ ಗದ್ದೆಪಾಲು. ಈಗ ಹತ್ತು ಹದಿನೈದರೊಳಗೆ ನಿಂತಿದೆ. ಫ್ಯಾನ್ ಇಳಿಸಿದ್ದು ಅರ್ಧ ಕಾರಣ, ಮುಂದೆ ತಿರುಗುತ್ತಾ ಪೈರನ್ನು ಬ್ಲೇಡಿಗೆ ಒರಗಿಸುವ ರೀಲಿನ ಓಟ ತಗ್ಗಿಸಿದ್ದು ಇನ್ನರ್ಧ. ರೀಲು ಗಾಡಿಗಿಂತ ಒಂದು ಚೂರು ಮುಂದಿರಬೇಕು ಅಷ್ಟೇ, ತೆನೆಯನ್ನು ಬಡಿಯಬಾರದು. ಮಲಗಿದ ಇಂಟಾನ್ ತಳಿಯ ಭತ್ತಕ್ಕೆ ರೀಲು ತಗ್ಗಿಸಿ, ಮುಂದೆ ಚಾಚಿ, ಪೈರು ಮಲಗಿದ ದಿಕ್ಕಿಗೆ ಎದುರಾಗಿ ಹೋಗಬೇಕು. ಅದಕ್ಕೆ ತೆನೆ ಬಡಿಯುವ ಡ್ರಮ್ಮನ್ನೂ ಜರಡಿಯನ್ನೂ ಎಷ್ಟಕ್ಕೆ ಇಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲಾರೆ, ಹೊಟ್ಟೆಪಾಡು.

ಇಬ್ಬನಿಯ ವಿಷಯದಲ್ಲಿ ಗದ್ದೆಯವರೊಂದಿಗೆ ದಿನಾ ಜಗಳ. ಏಳಕ್ಕೇ ಬಾ ಅನ್ನುತ್ತಾರೆ. ಹತ್ತೂವರೆ ಒಳಗೆ ನಾನು ಕೀಲಿ ತಿರುಗಿಸುವುದಿಲ್ಲ. ಒದ್ದೆ ಹುಲ್ಲು ಡ್ರಮ್ಮಿಗೆ ಸುತ್ತಿಕೊಂಡರೆ ಕುಡುಗೋಲು ಹಿಡಿದು ಒಳಗೆ ಕೈ ಹಾಕಿ ಕೊಯ್ಯುವುದರಲ್ಲಿ ಎರಡು ಗಂಟೆ ಹೋಗುತ್ತದೆ. ಇಂಜಿನ್ ಬಂದ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡೇ ಕೈ ಹಾಕಬೇಕು, ಮರೆಯಬೇಡಿ. ಕಾಳು ಹಲ್ಲಿಗಿಟ್ಟಾಗ ಕಟ್ ಅನ್ನಬೇಕು, ಚಪ್ಪಟೆಯಾದರೆ ಚಾ ಕುಡಿದು ಕಾಯುವುದು.

ಅಂಚು ದಾಟಿಸುವುದು ಕಲಿಯಲು ಒಂದು ಟ್ರ್ಯಾಕ್ ತೆತ್ತೆ. ಓರೆಯಾಗಿ ಇಳಿಸಿದ್ದಕ್ಕೆ ಕಳಚಿತು, ಕಲ್ಲಿಗೆ ಸಿಕ್ಕು ಹರಿಯಿತು. ಜೋಡಿಗೇ ಒಂದೂವರೆ ಲಕ್ಷದ ಹತ್ತಿರ ಆಯಿತು. ಈಗ ಹುಲ್ಲಿನ ಹೊರೆ ಎರಡೂ ಬದಿಗೆ ಹಾಕಿ, ಅಂಚಿಗೆ ನೇರ ಇಳಿಸುತ್ತೇನೆ. ನಾಲ್ಕೂ ಮೂಲೆಯಲ್ಲಿ ಹತ್ತಡಿ ಕೈಯಲ್ಲೇ ಕೊಯ್ದಿಡಿ ಅಂತ ಮೊದಲೇ ಹೇಳಿರುತ್ತೇನೆ. ನಿಂತಲ್ಲೇ ಗಿರಕಿ ಹೊಡೆದರೆ ಟ್ರ್ಯಾಕೂ ಹಾಳು, ಗದ್ದೆಯೂ ಹೊಂಡ. ಟ್ರ್ಯಾಕ್ ಸಡಿಲ ಬಿಟ್ಟರೆ ಕಳಚುತ್ತದೆ, ಬಿಗಿದರೆ ರೋಲರ್ ಬೇರಿಂಗ್ ತಿನ್ನುತ್ತದೆ.

ಆದರೆ ನಿಜವಾಗಿ ಲೆಕ್ಕ ತಿರುಗಿಸಿದ್ದು ಮಳೆಗಾಲ. ನಮ್ಮಲ್ಲಿ ಮಿಷನ್ ಓಡುವುದು ವರ್ಷಕ್ಕೆ ನಲವತ್ತು ದಿನ, ನಿಲ್ಲುವುದು ಉಳಿದಷ್ಟೂ. ಮೊದಲ ವರ್ಷ ತಾಡಪಾಲು ಹೊದೆಸಿ ಬಿಟ್ಟಿದ್ದೆ. ದಸರಾ ಹೊತ್ತಿಗೆ ತೆಗೆದರೆ ಜರಡಿಯ ಮೇಲೆ ಇಲಿ ಮರಿ ಹಾಕಿತ್ತು, ವೈರೆಲ್ಲ ಕಡಿದು ಗೂಡು. ಶೋರೂಮಿನವರು ಇಡೀ ವೈರಿಂಗ್ ಬದಲಿಸಬೇಕು ಅಂದರು, ಮೂವತ್ತೆಂಟು ಸಾವಿರ. ಸಾಗರದ ಒಬ್ಬ ಎಲೆಕ್ಟ್ರಿಷಿಯನ್ ಆರು ಸಾವಿರಕ್ಕೆ ಕೂಡಿಸಿಕೊಟ್ಟ, ಇವತ್ತಿಗೂ ಓಡುತ್ತಿದೆ. ಈಗ ಕೊಯ್ಲು ಮುಗಿದ ದಿನವೇ ಎಲ್ಲ ಬಾಗಿಲು ಬಿಚ್ಚಿ ಇಂಜಿನ್ ಓಡಿಸಿ ಒಳಗಿನ ಕಾಳು, ಧೂಳು ಉದುರಿಸುತ್ತೇನೆ. ಬೆಲ್ಟ್ ಸಡಿಲ, ಚೈನು, ಬ್ಲೇಡಿಗೆ ಹಳೇ ಆಯಿಲ್, ಡೀಸೆಲ್ ಟ್ಯಾಂಕ್ ತುಂಬಾ (ಖಾಲಿ ಬಿಟ್ಟರೆ ಒಳಗೆ ಬೆವರಿ ನೀರಾಗುತ್ತದೆ), ಬ್ಯಾಟರಿ ಮನೆಯೊಳಗೆ, ಟ್ರ್ಯಾಕಿನಡಿ ಹಲಗೆ. ವೈರಿಗೆ ಒಂದು ಲೇಪ ಹಚ್ಚುತ್ತೇನೆ, ಮೂರು ವರ್ಷದಿಂದ ಇಲಿ ಮೂಸಿಲ್ಲ. ಅದೇನೆಂದು ಮನೆಯವಳಿಗೆ ಮಾತ್ರ ಗೊತ್ತು, ಅವಳ ಅಡುಗೆಮನೆಯದೇ ಸಾಮಾನು.

ನಡುವೆ ಆಯನೂರಿನ ಕಡೆ ಉದ್ದಿಗೂ ಇಳಿಸಿ ನೋಡಿದೆ. ಕಾಯಿ ನೆಲದಲ್ಲಿ, ಬ್ಲೇಡು ಮಣ್ಣಿನಲ್ಲಿ. ಅರ್ಧ ಎಕರೆಗೆ ಕೈ ಮುಗಿದು ಬಂದೆ. ಹುಲ್ಲಿನ ಪ್ರಯೋಗ ಪರವಾಗಿಲ್ಲ. ಮಿಷನ್ ಹುಲ್ಲು ದನ ಮುಟ್ಟುವುದಿಲ್ಲ ಎನ್ನುವುದೇ ಹೆಂಗಸರ ದೊಡ್ಡ ತಕರಾರು. ಡ್ರಮ್ ಓಟ ಒಂದಿಷ್ಟು ತಗ್ಗಿಸಿದಾಗ ಹುಲ್ಲು ಪುಡಿಯಾಗುವುದು ಕಡಿಮೆಯಾಯಿತು. ಬೆಲ್ಲ ಉಪ್ಪಿನ ನೀರು ಚಿಮುಕಿಸಿದ್ದನ್ನು ನಮ್ಮ ಎರಡು ಹಸು ತಿಂದವು, ಎಮ್ಮೆ ಮೂತಿ ತಿರುಗಿಸಿತು.

ಈ ಸೀಸನ್ ಇನ್ನೂರಿಪ್ಪತ್ತು ಗಂಟೆ ಓಡಿರಬಹುದು, ಗಂಟೆಗೆ 2,600. ಐದೂ ಮುಕ್ಕಾಲು ಲಕ್ಷದ ಒಳಗೇ ಬಂತು. ಡೀಸೆಲ್ಲಿಗೆ ಒಂದೂ ಮುಕ್ಕಾಲು, ಡ್ರೈವರ್, ಲಾರಿ, ರಿಪೇರಿ ಎಲ್ಲ ಸೇರಿ ಇನ್ನೊಂದೂ ಮುಕ್ಕಾಲು. ಉಳಿದದ್ದರಲ್ಲಿ ಕಂತು ಕಟ್ಟಿ ನಲವತ್ತು ಸಾವಿರ ಮಿಕ್ಕಿತು. ಬಯಲು ಸೀಮೆಯವರಿಗೆ ನಗು ಬರಬಹುದು. ಅವರು ಮುಕ್ಕಾಲು ಗಂಟೆಗೆ ಮುಗಿಸುವ ಎಕರೆಗೆ ನನಗೆ ಒಂದೂಕಾಲು ಗಂಟೆ ಬೇಕು. ಒಂದೇ ಬೈಲಿನ ಹನ್ನೊಂದು ಮನೆಯವರು ಒಂದೇ ಅವಧಿಯ ತಳಿ ಹಾಕಿ, ಒಟ್ಟಿಗೆ ನೀರು ಕಡಿಯಲು ಒಪ್ಪಿದ್ದರಿಂದ ಅಷ್ಟಾದರೂ ಆಯಿತು. ಹನ್ನೆರಡನೆಯವನು ಭಾವ. ಮೊನ್ನೆ ಶೆಡ್ಡಿಗೆ ಬಂದು ಟ್ರ್ಯಾಕನ್ನು ಕಾಲಲ್ಲಿ ಒತ್ತಿ ನೋಡಿದ. "ನಮ್ಮ ಮೇಲಿನ ಗದ್ದೆಗೆ ಇದು ಹತ್ತತದಾ?" ಅಂತ ಕೇಳಿದ. ಆನೆಯ ಮಾತು ನಾನೂ ಎತ್ತಲಿಲ್ಲ, ಗದ್ದೆಯ ಅಗಲ ಕೇಳಿ ಬರೆದುಕೊಂಡೆ.